ಮೊದಲು ಪೂರ್ತಿ ಹೆಸರು, ಆಮೇಲೆ ಸಂಕ್ಷೇಪ

ವರದಿಯನ್ನೋ ಲೇಖನವನ್ನೋ ಬರೆಯುವಾಗ ಸಂಕ್ಷೇಪಗಳನ್ನು ಏಕಾಏಕಿ ಬಳಸಬೇಡಿ. ಮೊದಲ ಸಲ ‘ಕನ್ನಡ ಸಾಹಿತ್ಯ ಪರಿಷತ್ತು (ಕಸಾಪ)’ ಎಂದು ಪೂರ್ತಿ ಬರೆದು, ಮುಂದೆ ‘ಕಸಾಪ’ ಎನ್ನಿ. ನಡುವೆ ಅದನ್ನೇ ‘ಕ.ಸಾ.ಪ.’ ಎಂದು ಬದಲಿಸದಿರಿ.

‘ಆರ್‌ಟಿಸಿ’ ಎಂದರೆ ನಮ್ಮ ರೈತರಿಗೆ ಪಹಣಿ. ಪಕ್ಕದ ಆಂಧ್ರ, ತೆಲಂಗಾಣದವರಿಗೆ ಸರ್ಕಾರಿ ಬಸ್ಸು. ‘ಎಸಿ’ ಎಂದರೆ ಕಂದಾಯ ಇಲಾಖೆಯಲ್ಲಿ ಉಪವಿಭಾಗಾಧಿಕಾರಿ, ಮನೆಯಲ್ಲಿ ತಂಪು ಮಾಡುವ ಯಂತ್ರ. ಆದ್ದರಿಂದ ಬಿಡಿಸಿ ಹೇಳುವುದೇ ಕ್ಷೇಮ.

ಒಂದೆರಡು ಸಲವಷ್ಟೇ ಬರುವ ಹೆಸರಿಗೆ ಸಂಕ್ಷೇಪ ಬೇಡ. ಟಿವಿ, ಎಟಿಎಂಗಳಂತೆ ಎಲ್ಲರ ಬಾಯಲ್ಲಿರುವುದಕ್ಕೆ ವಿವರಣೆ ಬೇಡ. ಪುಸ್ತಕವಾದರೆ ಪ್ರತಿ ಅಧ್ಯಾಯದಲ್ಲೂ ಮತ್ತೊಮ್ಮೆ ಪೂರ್ತಿ ಹೆಸರು ಕೊಡಿ. ಎಲ್ಲರೂ ಮೊದಲ ಪುಟದಿಂದಲೇ ಓದುವುದಿಲ್ಲ. ಅನುಮಾನ ಬಂದಾಗಲೆಲ್ಲ, ವಿಷಯಕ್ಕೆ ಹೊಸಬರಾದ ಓದುಗರನ್ನು ನೆನೆದು ಬರೆಯಿರಿ.