ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ, ಸಮಯ ಯಾಕೆ ಬೇರೆ?

ಎಂ.ಎಸ್. ಮಾಡೋಕೆ ಹೊರಟ ಸೀನಿಯರ್‌ಗಳ ಟಿಕೆಟ್ ನೋಡಿದವರಿಗೆ ಒಂದು ವಿಚಿತ್ರ ಕಂಡಿರುತ್ತದೆ. ನೇರ ವಿಮಾನದಲ್ಲಿ ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಅದೇ ತಾರೀಖಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ. ವಾಪಸ್ ಬರುವಾಗ ಶನಿವಾರ ರಾತ್ರಿ ಹೊರಟರೆ ಇಳಿಯೋದು ಸೋಮವಾರ ಬೆಳಗಿನ ಜಾವ. ಭಾನುವಾರ ಎಲ್ಲಿ ಹೋಯ್ತು? ಲೆಕ್ಕ ಹಾಕೋಣ.

ಮೊದಲು ದೂರ. ನಮ್ಮ ಕೆಂಪೇಗೌಡ ನಿಲ್ದಾಣ ಇರುವುದು 13.2° ಉತ್ತರ, 77.7° ಪೂರ್ವದಲ್ಲಿ, ಅದು 37.6° ಉತ್ತರ, 122.4° ಪಶ್ಚಿಮದಲ್ಲಿ. ರೇಖಾಂಶಗಳ ಅಂತರ ಸುಮಾರು 160°. ಗೋಳದ ಮೇಲಿನ ಸೂತ್ರ ಹೀಗಿದೆ:

ಕಾಸ್ ಡಿ = (ಸೈನ್ 13.2 × ಸೈನ್ 37.6) + (ಕಾಸ್ 13.2 × ಕಾಸ್ 37.6 × ಕಾಸ್ 159.9)

ಉತ್ತರ −0.585. ಅಂದ್ರೆ ಡಿ 125.8°, ರೇಡಿಯನ್‌ನಲ್ಲಿ 2.196. ಭೂಮಿಯ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿದರೆ ಸುಮಾರು 13,990 ಕಿ.ಮೀ. (ಪೈಥಾನ್‌ನಲ್ಲಿ ಬರೆಯುವವರು ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸೋದು ಮರೆಯಬೇಡಿ.) ಗೋಡೆ ಮೇಲಿನ ಮರ್ಕೇಟರ್ ನಕ್ಷೆಯಲ್ಲಿ ಪೂರ್ವಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಆ ದಾರಿ ಸುಮಾರು 16,100 ಕಿ.ಮೀ. ಆಗುತ್ತದೆ. ನೋಡೋಕೆ ನೇರ, ಹಾರೋಕೆ ಎರಡು ಗಂಟೆ ಜಾಸ್ತಿ! ನಿಜವಾದ ಹತ್ತಿರದ ದಾರಿ ಆರ್ಕ್ಟಿಕ್ ವೃತ್ತವನ್ನೂ ದಾಟಿ 71° ಉತ್ತರದವರೆಗೆ ಏರಿ ಇಳಿಯುತ್ತದೆ.

ಇನ್ನು ಸಮಯ. ಗಾಳಿಯೇ ಇಲ್ಲದಿದ್ದರೆ, ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ.ಗೆ 15 ಗಂಟೆ 33 ನಿಮಿಷ. ಹೋಗಿ ಬರೋಕೆ ಒಟ್ಟು 31 ಗಂಟೆ 7 ನಿಮಿಷ. ಆದರೆ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಸರಾಸರಿ 100 ಕಿ.ಮೀ. ಗಾಳಿ ಅಂದುಕೊಳ್ಳಿ. ಹೋಗುವಾಗ 14,000/1,000, ಅಂದರೆ 14 ಗಂಟೆ. ಬರುವಾಗ 14,000/800, ಅಂದರೆ 17 ಗಂಟೆ 30 ನಿಮಿಷ. ಕೂಡಿಸಿದರೆ 31 ಗಂಟೆ 30 ನಿಮಿಷ. ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತೆ ಅಂತ ನಮಗೆಲ್ಲ ಅನಿಸುತ್ತದೆ, ಆದರೆ ಇಲ್ಲ, 23 ನಿಮಿಷ ಕೈಬಿಟ್ಟೇ ಹೋಯಿತು. ಎದುರುಗಾಳಿಯಲ್ಲಿ ನಾವು ಕಳೆಯುವ ಹೊತ್ತೇ ಹೆಚ್ಚು, ಅದಕ್ಕೇ.

ಹಾಗಾಗಿ ವಿಮಾನದವರು ಹುಡುಕೋದು ಕಡಿಮೆ ಕಿಲೋಮೀಟರ್‌ನ ದಾರಿಯನ್ನಲ್ಲ, ಕಡಿಮೆ ಹೊತ್ತು ಹಿಡಿಯುವ ದಾರಿಯನ್ನು. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರು. ಸರಿಯಾಗಿ ಧ್ರುವದ ಮೇಲೇ ಹಾದರೂ ದೂರ ಸುಮಾರು 14,370 ಕಿ.ಮೀ.; ಹೆಚ್ಚಾಗೋದು 380 ಮಾತ್ರ.

ಕಾಣೆಯಾದ ಭಾನುವಾರದ ಕಥೆ ಸುಲಭ. ನಮ್ಮ ಗಡಿಯಾರ ಅವರಿಗಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಮುಂದೆ. ಚಳಿಗಾಲದ ಶನಿವಾರ ಅಲ್ಲಿ ರಾತ್ರಿ 8:30 ಆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 10. ಅದಕ್ಕೆ 17 ಗಂಟೆ 30 ನಿಮಿಷ ಕೂಡಿಸಿ: ಸೋಮವಾರ 3:30. ಟಿಕೆಟ್‌ನಲ್ಲಿ ಟ್ಯಾಕ್ಸಿಯಿಂಗ್ ಹೊತ್ತೂ ಸೇರಿರುತ್ತದೆ, ಅದಕ್ಕೆ ಇನ್ನೊಂದಿಷ್ಟು ನಿಮಿಷ ಬಿಡಿ. ಕರೆದುಕೊಂಡು ಬರೋಕೆ ಹೋಗುವವರು ಭಾನುವಾರ ರಾತ್ರಿ ಊಟ ಮುಗಿಸಿಕೊಂಡೇ ಹೊರಟರೆ ಸಾಕು.