ಎಂಜಿನ್ ದೀಪ ಹತ್ತಿ ಆರಿದರೆ



ಮಳೆಯಲ್ಲಿ ಹತ್ತಿದ ಕಾರಿನ ಎಂಜಿನ್ ದೀಪ ಬಿಸಿಲಿಗೆ ಆರಿತೆಂದು ಸುಮ್ಮನಿರಬೇಡಿರಿ. ದೋಷದ ಸಂಕೇತ ಕಾರಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಬ್ಯಾಟರಿ ಬಿಚ್ಚುವ ಮೊದಲೇ ಸ್ಕ್ಯಾನರಿನಿಂದ ಓದಿಸಿ ಬರೆದಿಡಿರಿ.

ಪಿ0335 ಎಂದು ಬಂದರೆ ಕ್ರ್ಯಾಂಕ್ ಸೆನ್ಸರೇ ಕೆಟ್ಟಿದೆ ಎನ್ನಲಾಗದು. ಸೆನ್ಸರು, ಅದರ ತಂತಿ, ಕನೆಕ್ಟರು, ಇವುಗಳಲ್ಲಿ ಎಲ್ಲಿಯಾದರೂ ದೋಷವಿರಬಹುದು. ಹೊಸ ಸೆನ್ಸರಿಗೆ ಹಣ ಕೊಡುವ ಮುನ್ನ ಹೀಗೆ ಮಾಡಿರಿ:

1. ದೀಪ ಹತ್ತಿದ್ದು ಮಳೆಯಲ್ಲೋ, ಎಂಜಿನ್ ಕಾದಾಗಲೋ, ಗುಂಡಿ ಹಾರಿದಾಗಲೋ ಗುರುತಿಡಿರಿ.
2. ಎಂಜಿನ್ ಆರಿದ ಮೇಲೆ ಕೀಲಿ ತೆಗೆದು, ಕನೆಕ್ಟರು ಬಿಚ್ಚಿ ನೀರು, ಕಿಲುಬು, ಇಲಿ ಕಡಿದ ತಂತಿ ಇವೆಯೇ ನೋಡಿರಿ.
3. ಒಣಗಿಸಿ ಬಿಗಿಯಾಗಿ ಜೋಡಿಸಿರಿ.
4. ದೀಪ ಮತ್ತೆ ಹತ್ತಿದರೆ, ಮೆಕ್ಯಾನಿಕ್ಕಿನಿಂದ ತಂತಿ ಅಲುಗಿಸಿ ಮೀಟರಿನಲ್ಲಿ ಪರೀಕ್ಷೆ ಮಾಡಿಸಿರಿ.

ಈ ಸೆನ್ಸರಿನ ಸುದ್ದಿ ತಪ್ಪಿದರೆ ಎಂಜಿನ್ ದಾರಿಯಲ್ಲೇ ನಿಲ್ಲಬಹುದು. ಹೆರಿಗೆಗೆಂದು ಸೊರಬಕ್ಕೆ ಹೊರಟ ರಾತ್ರಿ ಹಾಗಾಗದಂತೆ ಇಂದೇ ನೋಡಿಸಿರಿ.