ಹಾಸೆಲ್ಟಿನ ವೈದ್ಯ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕೊಟ್ಟಿಗೆಗಳನ್ನು ಬರಿದುಮಾಡಿದ ಪಿಡುಗುಗಳಲ್ಲಿ ದನಗಳ ಸಾಂಕ್ರಾಮಿಕ ಶ್ವಾಸಕೋಶರೋಗವೂ ಒಂದು. ಈ ಬೇನೆ ತಗುಲಿದ ದನವು ಮೇವು ಬಿಡುತ್ತದೆ; ಜ್ವರದಿಂದ ಬೇಯುತ್ತದೆ; ಕೆಮ್ಮುತ್ತದೆ. ಮುಂಗಾಲುಗಳನ್ನು ಅಗಲಿಸಿ, ಕೊರಳು ಚಾಚಿ, ಒಂದೊಂದು ಉಸಿರಿಗೂ ಹೆಣಗುತ್ತ ನಿಲ್ಲುವ ಆ ಮೂಕಪ್ರಾಣಿಯ ಸ್ಥಿತಿ ಕರುಣಾಜನಕವಾದುದು. ರೋಗವು ಉಸಿರಿನ ತುಂತುರಿನ ಮೂಲಕ ಹರಡುತ್ತದೆ. ಸೋಂಕು ತಗುಲಿದ ಮೇಲೂ ಹಲವು ವಾರ, ಕೆಲವೊಮ್ಮೆ ತಿಂಗಳುಗಳವರೆಗೆ, ಯಾವ ಚಿಹ್ನೆಯೂ ಕಾಣದು. ಗುಣಹೊಂದಿದಂತೆ ತೋರುವ ದನದ ಶ್ವಾಸಕೋಶದಲ್ಲಿಯೂ ರೋಗಾಣು ಅಡಗಿರಬಹುದು. ಆದುದರಿಂದ ಸಂತೆಯಲ್ಲಿ ಆರಿಸಿ ತಂದ ಮೈತುಂಬಿದ ಹಸುವೇ ಕೊಟ್ಟಿಗೆಗೆ ಮಾರಿಯನ್ನು ಕರೆತರುತ್ತಿತ್ತು.

ಬೆಲ್ಜಿಯಂ ದೇಶದ ಹಾಸೆಲ್ಟ್ ಎಂಬ ಊರು ಮದ್ಯದ ಭಟ್ಟಿಗಳಿಗೆ ಹೆಸರಾಗಿತ್ತು. ಭಟ್ಟಿಯಲ್ಲಿ ಉಳಿದ ಧಾನ್ಯದ ಗಸಿಯನ್ನು ತಿನ್ನಿಸಿ ದನಗಳನ್ನು ಕೊಬ್ಬಿಸುವುದು ಅಲ್ಲಿನ ವಾಡಿಕೆ. ದನಗಳು ಒತ್ತೊತ್ತಾಗಿ ನಿಂತ ಆ ಕೊಟ್ಟಿಗೆಗಳು ರೋಗಕ್ಕೆ ತವರಾದವು. ಅಂಥದೊಂದು ಭಟ್ಟಿಯ ಒಡೆಯನ ಮಗನಾದ ಲೂಯಿ ವಿಲೆಮ್ಸ್ ವೈದ್ಯವಿದ್ಯೆ ಕಲಿತವನು. ರೋಗದಿಂದ ಸತ್ತ ದನದ ಶ್ವಾಸಕೋಶದ ರಸವನ್ನು ಆರೋಗ್ಯವಂತ ದನದ ಮೈಗೆ ಸೇರಿಸಿದರೆ, ಅದು ಮುಂದೆ ಬೇನೆಯನ್ನು ತಡೆದೀತೇ ಎಂದು ಆತನು ಪರೀಕ್ಷಿಸಿದನು. ಮೈಯ ಬೇರೆಡೆ ಚುಚ್ಚಿದರೆ ಭಯಂಕರವಾದ ಬಾವು ಬಂದು ದನ ಸಾಯುವುದುಂಟು. ಬಾಲದ ತುದಿಯಲ್ಲಾದರೆ ಅದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. 1852ರಲ್ಲಿ ಆತನು ತನ್ನ ಪ್ರಯೋಗಗಳ ಫಲವನ್ನು ಪ್ರಕಟಿಸಿದನು. ಕೆಲವು ದನಗಳ ಬಾಲ ಕೊಳೆತು ಉದುರಿತು. ಕೆಲವು ಸತ್ತೂ ಹೋದವು. ಪಂಡಿತರು ವಾದಕ್ಕಿಳಿದರು. ದನ ಸಾಕುವವನಿಗಾದರೋ, ಬಾಲ ಮೋಟಾದರೂ ಜೀವ ಉಳಿದ ಹಸುವೇ ದೊಡ್ಡದು. ಈ ರೋಗದ ಅಣುವನ್ನು ನೊಕಾರ್ ಮತ್ತು ರೂ ಎಂಬ ಫ್ರೆಂಚ್ ವಿಜ್ಞಾನಿಗಳು ಕಂಡುಹಿಡಿದುದು 1898ರಲ್ಲಿ. ಶತ್ರುವಿನ ಮುಖವನ್ನೇ ಕಾಣದೆ ವಿಲೆಮ್ಸ್ ಅದರೊಡನೆ ಸೆಣಸಿದ್ದನು!

ಅಮೆರಿಕವು ಹಿಡಿದ ದಾರಿ ಬೇರೆ. 1843ರಲ್ಲಿ ಬ್ರೂಕ್ಲಿನ್ನಿನ ಹಾಲಿನ ವ್ಯಾಪಾರಿಯೊಬ್ಬನು ಇಂಗ್ಲೆಂಡಿನಿಂದ ಬಂದ ಹಡಗಿನಲ್ಲಿದ್ದ ಹಸುವೊಂದನ್ನು ಕೊಂಡನು. ಅದರೊಡನೆ ರೋಗವೂ ದಡ ಹತ್ತಿತು. ಅದು ಹಲವು ರಾಜ್ಯಗಳಿಗೆ ಹಬ್ಬಿದ ಮೇಲೆ, 1884ರಲ್ಲಿ, ಅಲ್ಲಿನ ಸರ್ಕಾರವು ಪಶುಗಳಿಗಾಗಿಯೇ ಒಂದು ಇಲಾಖೆಯನ್ನು ತೆರೆಯಿತು. ರೋಗ ಕಂಡ ಪ್ರದೇಶಗಳಿಂದ ದನಗಳ ಸಾಗಾಟ ನಿಂತಿತು. ರೋಗಿಷ್ಠ ದನಗಳನ್ನೂ ಅವುಗಳೊಡನೆ ಇದ್ದವನ್ನೂ ಕೊಂದು, ಒಡೆಯರಿಗೆ ಪರಿಹಾರ ಕೊಡಲಾಯಿತು. ಪರಿಹಾರವಿಲ್ಲದಿದ್ದರೆ ತನ್ನ ಜೀವನಾಧಾರವಾದ ಹಸು ಕೆಮ್ಮುತ್ತಿದೆಯೆಂದು ಯಾವ ಬಡವನು ತಾನಾಗಿ ಹೇಳಿಯಾನು? 1892ರಲ್ಲಿ ಆ ದೇಶ ರೋಗಮುಕ್ತವಾಯಿತು.

ನಮ್ಮ ದೇಶದ ಅಸ್ಸಾಮಿನಲ್ಲಿಯೂ ಈ ರೋಗ ಬೇರೂರಿತ್ತು. 2007ರಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಮಾನ್ಯಮಾಡಿತು. ಆಫ್ರಿಕದ ಹಲವು ದೇಶಗಳಲ್ಲಿ ಅದು ಇಂದಿಗೂ ಉಳಿದಿದೆ. ದನಗಳೊಡನೆ ಮೇವು ನೀರುಗಳನ್ನರಸಿ ಗಡಿ ದಾಟಿ ಅಲೆಯುವ ಅಲ್ಲಿನ ಗೋಪಾಲಕರಿಗೆ ಲಸಿಕೆಯೇ ಮುಖ್ಯ ಆಸರೆಯಾಗಿದೆ.